ಅಡ್ಡಬೀಳಕೂಡದೆಂಬ ಅಪ್ಪಣೆ

ಯೂರೋಪಿನ ದೊರೆಗಳಿಗೆ ತತ್ವಜ್ಞಾನಿಗಳ ಹುಚ್ಚು ಹಿಡಿದಿದ್ದ ಕಾಲ. ಆ ಹುಚ್ಚು ಹಡಗು ಹತ್ತಿ ನಮ್ಮ ಕಡೆಯ ಒಂದು ಪುಟ್ಟ ಸಂಸ್ಥಾನಕ್ಕೂ ಬಂತು. ಬರಮಾಡಿಕೊಂಡವನು ಮಂತ್ರಿ ಹಂಪಣ್ಣ.

ಒಂದು ಬೆಳಿಗ್ಗೆ ಈ ಹಂಪಣ್ಣ ಹೊಳೆದಂಡೆಯ ಆಶ್ರಮಕ್ಕೆ ಏದುಸಿರು ಬಿಡುತ್ತ ಬಂದ. ಅವನಿಗೆ ವಿದ್ಯೆ ಕಲಿಸಿದ ಸೋಮಯ್ಯ ಗುರುಗಳು ಜಗಲಿಯ ಮೇಲೆ ಮೊಸರು ಕಡೆಯುತ್ತಿದ್ದರು.

"ಏನು ಮಂತ್ರಿಗಳು, ಪಲ್ಲಕ್ಕಿ ಬಿಟ್ಟು ಕಾಲ್ನಡಿಗೆ?"

"ಗುರುಗಳೇ, ತಾವು ಅರಮನೆಗೆ ಬಂದು ಒಂದು ಮಾತು ಹೇಳಬೇಕು. ಬುಟ್ಟಿ ಹೆಣೆಯುವ ಕೆಂಚಜ್ಜ ಸೆರೆಮನೆಯಲ್ಲಿದ್ದಾನೆ. ಅನ್ನ ಮುಟ್ಟುತ್ತಿಲ್ಲ. ಹೀಗೇ ಬಿಟ್ಟರೆ ಉಳಿಯುವುದಿಲ್ಲ."

"ಅಂಥದ್ದೇನು ಮಾಡಿದ?"

"ಅರಸರಿಗೆ ಅಡ್ಡಬಿದ್ದ."

ಗುರುಗಳ ಕಡಗೋಲು ನಿಂತಿತು.

"ತಪ್ಪು ನನ್ನದೇ. ಪಡುವಣದ ಪುಸ್ತಕಗಳನ್ನು ಅರಸರಿಗೆ ಓದಿ ಹೇಳಿದವನು ನಾನು. ಅಲ್ಲಿಯ ದೊರೆಗಳು ಕೈದಿಗಳನ್ನು ಹಿಂಸಿಸುವುದು ಬಿಟ್ಟರಂತೆ ಅಂದೆ, ಇವರೂ ಬಿಟ್ಟರು. ಅವರವರ ದೇವರು ಅವರವರಿಗೆ ಅಂದೆ. ಇಲ್ಲೂ ಹಾಗೇ ಆಯಿತು. ಅಲ್ಲೊಬ್ಬ ದೊರೆ, ನನ್ನ ಮುಂದೆ ಯಾರೂ ಮಂಡಿಯೂರಕೂಡದು ಎಂದನಂತೆ. ಇವರೂ ಡಂಗುರ ಹೊಡೆಸಿದರು."

"ಒಳ್ಳೆಯದೇ ಆಯಿತಲ್ಲ."

"ಅದನ್ನು ಕೇಳಿದ ಸಂತೋಷಕ್ಕೆ ಊರಿಗೆ ಊರೇ ಅರಸರಿಗೆ ಅಡ್ಡಬಿತ್ತು. ಗದರಿದ ಮೇಲೆ ಎದ್ದರು. ಕೆಂಚಜ್ಜ ಮಾತ್ರ ಏಳಲೊಲ್ಲ. 'ಅಪ್ಪನ ಕಾಲದಿಂದ ಬಗ್ಗಿದ ಬೆನ್ನು, ಬುದ್ಧಿ' ಎಂದ. ಅಪ್ಪಣೆ ಮೀರಿದನೆಂದು ಒಳಗೆ ಹಾಕಿಸಿದರು. ಅವನ ಒಳ್ಳೆಯದಕ್ಕೇ ಅಂತೆ."

"ಇದು ಸರಿಯಲ್ಲ ಎಂದು ನೀನು ಹೇಳಲಿಲ್ಲವೆ?"

"ಅಂಥ ಒಳ್ಳೆಯ ದೊರೆಗೆ ಹೇಗೆ ಹೇಳಲಿ? ಮುಖ ನೋಡಿದರೆ ಬಾಯಿ ಬರುವುದಿಲ್ಲ. ತಾವು ಹೇಳಿದರೆ..."

"ಮೊದಲು ದಣಿವಾರಿಸಿಕೊ."

ಗುರುಗಳು ಒಳಗೆ ಹೋಗಿ ಒಂದು ಚೆಂಬು ಮಜ್ಜಿಗೆ ತಂದು ಲೋಟಕ್ಕೆ ಬಗ್ಗಿಸಿದರು. ಒಂದೇ ಗುಟುಕಿಗೆ ಹಂಪಣ್ಣನ ಕಣ್ಣಲ್ಲಿ ನೀರು ಬಂತು.

"ಹೇಗಿದೆ?"

"ಅಮೃತ, ಗುರುಗಳೇ."

"ಹಾಗಾದರೆ ಇನ್ನೊಂದು ಲೋಟ."

ಅದೂ ಹೇಗೋ ಒಳಗಿಳಿಯಿತು. ಗುರುಗಳು ಮತ್ತೆ ಚೆಂಬು ಎತ್ತಿದರು. ಹಂಪಣ್ಣನ ಕೈ ತಾನಾಗಿ ಲೋಟದ ಬಾಯಿ ಮುಚ್ಚಿತು.

"ಉಪ್ಪು ಹೆಚ್ಚಾಗಿದೆ, ಗುರುಗಳೇ."

"ಗೊತ್ತು. ಹಾಕಿದವನು ನಾನೇ. ನಿಜ ನುಡಿದ ಈ ಬಾಯಿ ಆರುವುದರೊಳಗೆ ಅರಮನೆಗೆ ನಡಿ."

ಹಂಪಣ್ಣ ಹೋದ. ಸಂಜೆ ಹೊತ್ತಿಗೆ ತಿರುಗಿ ಬಂದಾಗ ಅವನ ತೋಳು ಹಿಡಿದುಕೊಂಡು ಕೆಂಚಜ್ಜನೂ ಬಂದಿದ್ದ.

"ಹೇಳಿದೆ, ಗುರುಗಳೇ. ಅಜ್ಜನನ್ನು ಸೆರೆಗೆ ಹಾಕಿದ್ದು ತಪ್ಪು ಎಂದು ಮುಖ ನೋಡಿಯೇ ಅಂದುಬಿಟ್ಟೆ. ಅರಸರು ಸಿಂಹಾಸನ ಇಳಿದು ಬಂದು ಅಪ್ಪಿಕೊಂಡರು. ಅಜ್ಜನನ್ನು ಬಿಟ್ಟುಬಿಟ್ಟರು."

"ಸಂತೋಷ."

"ಇನ್ನೂ ಕೇಳಿ. ಹೊಸ ಡಂಗುರ ಹೊಡೆಸಿದ್ದಾರೆ. ಇಂದಿನಿಂದ ಸಕಲ ಪ್ರಜೆಗಳೂ ಅರಸರ ತಪ್ಪನ್ನು ನಿರ್ಭಯವಾಗಿ ಹೇಳತಕ್ಕದ್ದು."

"ಹೇಳದಿದ್ದರೆ?"

ಹಂಪಣ್ಣನ ನಗು ಸ್ವಲ್ಪ ಇಳಿಯಿತು.

"ಸೆರೆಮನೆ."

ಕೆಂಚಜ್ಜ ಗುರುಗಳ ಹತ್ತಿರ ಸರಿದು ಕುಳಿತ. "ನಂಗೆ ಒಂದು ತಪ್ಪೂ ಹೊಳೀತಾ ಇಲ್ಲ, ಬುದ್ಧಿ. ಮತ್ತೆ ಒಳಗೆ ಹಾಕ್ತಾರಾ?"

ಗುರುಗಳು ಅಜ್ಜನ ಮುಂದೆ ಎಲೆ ಹಾಕಿ ಬಿಸಿ ಅನ್ನ ಬಡಿಸಿದರು. ಆಮೇಲೆ ಶಿಷ್ಯನ ಕಡೆ ತಿರುಗಿದರು.

"ಇವನು ಉಣ್ಣುತ್ತಿರಲಿ. ನೀನು ಇನ್ನೊಮ್ಮೆ ಹೋಗಿ ಬಾ, ಹಂಪಣ್ಣ."