ಗುರುಗಳ ಆಕ್ಷೇಪ

ಪದ್ಮಜಾ ಹಲ್ಲಿನ ಡಾಕ್ಟರು. ವಾರವೆಲ್ಲ ಊರಿನವರ ಹಲ್ಲು ನೋಡುವುದು, ಭಾನುವಾರ ಬಂದರೆ ಕಾರು ರೇಸಿಗೆ ಓಡುವುದು. ಮನೆಯವರು ಹೇಳಿ ಹೇಳಿ ಸುಮ್ಮನಾಗಿದ್ದರು.

ದೊಡ್ಡ ರೇಸೇನಲ್ಲ. ವಿಮಾನ ಇಳಿಯುವುದು ನಿಂತುಹೋದ ಹಳೆಯ ರನ್‌ವೇ ಮೇಲೆ ಹವ್ಯಾಸಿಗಳ ಕ್ಲಬ್ಬೊಂದು ನಡೆಸುತ್ತಿದ್ದ ರೇಸು. ಎಲ್ಲರದೂ ಒಂದೇ ಮಾದರಿಯ, ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಇಂಜಿನ್ನಿನ ಅಳತೆಗೂ ಎಲ್ಲರಿಗೂ ಒಂದೇ ನಿಯಮ. ಆದರೂ ಸೋತವರೆಲ್ಲ ಕಾರನ್ನೇ ಬಯ್ಯುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ.

ಆ ಕ್ಲಬ್ಬಿಗೆ ಹಿರಿಯರು ಉತ್ತಯ್ಯ. ವಯಸ್ಸು ಎಪ್ಪತ್ತರ ಅಂಚಿಗೆ ಬಂದಿದ್ದರೂ ರೇಸು ಬಿಟ್ಟಿರಲಿಲ್ಲ. ಹೊಳೆಯ ದಂಡೆಯಲ್ಲಿ ಅವರದೊಂದು ಶೆಡ್ಡು. ಕಲಿಯಲು ಬಂದವರಿಗೆ ಅಲ್ಲೇ ಪಾಠ, ಅಲ್ಲೇ ಕಾಫಿ. ಮೊದಮೊದಲು ತಮಾಷೆಗೆ ಗುರುಗಳು ಅನ್ನುತ್ತಿದ್ದವರು ಬರಬರುತ್ತ ತಮಾಷೆ ಮರೆತಿದ್ದರು.

ಪದ್ಮಜಾ ಮೊದಲ ದಿನವೇ ಕೇಳಿದಳು.

"ಗುರುಗಳೇ, ಗೆಲ್ಲೋದು ಕಾರಾ, ಓಡಿಸೋರಾ?"

"ಹಲ್ಲು ಕೀಳೋದು ಇಕ್ಕಳನಾ, ನೀನಾ?"

"ನಾನೇ. ಆದ್ರೆ ಇಕ್ಕಳ ಚೆನ್ನಾಗಿರಬೇಕು."

"ಸರಿ, ಕಾಫಿ ಕುಡಿ," ಎಂದರು ಗುರುಗಳು.

ಉತ್ತರ ಸಿಕ್ಕಿತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಕಾಫಿ ಮಾತ್ರ ಚೆನ್ನಾಗಿತ್ತು.

ಒಂದು ದಿನ ತಿರುವಿನಲ್ಲಿ ಅವಳ ಕಾರು ಗಿರ್ರನೆ ಸುತ್ತಿ ಹುಲ್ಲಿನೊಳಗೆ ಹೋಗಿ ನಿಂತಿತು. ಗುರುಗಳು ಬಿಸಿಲಲ್ಲಿ ನಿಧಾನವಾಗಿ ನಡೆದು ಬಂದರು.

"ಕಾರು ನನ್ನ ಮಾತು ಕೇಳಲಿಲ್ಲ," ಎಂದಳು.

"ಕೇಳಿತಲ್ಲ. ಸುತ್ತು ಅಂದೆ, ಸುತ್ತಿತು."

"ನಾನೆಲ್ಲಿ ಹಾಗಂದೆ?"

"ಬಾಯಲ್ಲಿ ಅನ್ನಲಿಲ್ಲ. ಕಾಲಲ್ಲಿ ಅಂದೆ."

ಅಂದಿನಿಂದ ಪಾಠವೆಲ್ಲ ಕಾಲಿಗೇ. ಬ್ರೇಕಿನ ಮೇಲೆ ಕಾಲು ಮೆತ್ತಗಿಡು, ಮೆತ್ತಗೆ ತೆಗಿ. ಗುರುಗಳು ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರು. ಅವರು ಕಣ್ಣು ತೆರೆದರೆ ಅವಳು ತಪ್ಪು ಮಾಡಿದಳೆಂದು ಅರ್ಥ. ಮಾತು ಬೇಕಿರಲಿಲ್ಲ.

ಶುರುವಿನಲ್ಲಿ ಅವರಿಗೆ ಕಣ್ಣು ಮುಚ್ಚಲು ಪುರುಸೊತ್ತೇ ಸಿಗುತ್ತಿರಲಿಲ್ಲ. ಚಳಿಗಾಲದ ಹೊತ್ತಿಗೆ ಒಂದು ದಿನ ಪಕ್ಕದಿಂದ ಗೊರಕೆ ಕೇಳಿಸಿತು.

ವಯಸ್ಸಾದವರು, ಸುಸ್ತಾಗಿರಬೇಕು ಅಂದುಕೊಂಡಳು ಪದ್ಮಜಾ.

ರೇಸಿನಲ್ಲಿ ಮಾತ್ರ ಅವಳು ಮೂರನೆಯವಳೋ ನಾಲ್ಕನೆಯವಳೋ ಆಗಿಯೇ ಉಳಿದಳು. ಟೈಲ್ಸ್ ಅಂಗಡಿಯ ತ್ರಿವಿಕ್ರಮ ಪ್ರತಿ ಸಲವೂ ಗೆಲ್ಲುತ್ತಿದ್ದ. ಉದ್ದನೆಯ ನೇರ ದಾರಿಯಲ್ಲಿ ಅವನ ಕಾರು ಅವಳ ಪಕ್ಕದಲ್ಲೇ ಹಾದು ಮುಂದೆ ಹೋಗುವಾಗ ಅವಳ ಹೊಟ್ಟೆ ಉರಿಯುತ್ತಿತ್ತು.

"ಗುರುಗಳೇ, ನನ್ನ ಇಂಜಿನ್ನಿಗೆ ದಮ್ಮಿಲ್ಲ. ನಿಯಮ ಮೀರದ ಹಾಗೆ ಏನಾದ್ರೂ ಮಾಡಿಕೊಡಿ."

"ಬಿಟ್ಟು ಹೋಗು."

ಕಾರು ಕೆಲವು ದಿನ ಶೆಡ್ಡಿನಲ್ಲಿತ್ತು. ಅವಳು ವಾಪಸು ತೆಗೆದುಕೊಳ್ಳಲು ಹೋದಾಗ ಗುರುಗಳು ಹೊಳೆಯಲ್ಲಿ ಕೈ ತೊಳೆಯುತ್ತಿದ್ದರು.

"ಏನು ಮಾಡಿದ್ರಿ?"

"ನೋಡಿದೆ."

"ನೋಡಿ?"

"ಓಡಿಸು, ಹೋಗು."

ಓಡಿಸಿದಳು. ಕಾರು ಹಾರಿದ ಹಾಗೆ ಅನ್ನಿಸಿತು. ಇಂಜಿನ್ನಿನ ದನಿಯೇ ಬೇರೆ ಅನ್ನಿಸಿತು. ಸಿಕ್ಕಿದವರಿಗೆಲ್ಲ ಹೇಳಿದಳು, ಗುರುಗಳು ಏನೋ ಮಾಡಿದ್ದಾರೆ, ಏನಂತ ಬಾಯಿಬಿಡುತ್ತಿಲ್ಲ. ಕ್ಲಬ್ಬಿನ ತುಂಬ ಅದೇ ಮಾತಾಯಿತು. ಉತ್ತಯ್ಯನವರ ಕೈ ಬಿದ್ದಿದೆ, ಈ ಸಲ ಡಾಕ್ಟರಮ್ಮನನ್ನು ಹಿಡಿಯುವವರಿಲ್ಲ.

ಆ ಭಾನುವಾರ ವರ್ಷದ ಕೊನೆಯ ರೇಸು.

ತ್ರಿವಿಕ್ರಮ ಮುಂದೆ, ಅವನ ಹಿಂದೆ ಪದ್ಮಜಾ, ಅವಳ ಹಿಂದೆ ಗುರುಗಳು. ಸುತ್ತಿನ ಮೇಲೆ ಸುತ್ತು ಇದೇ ಸಾಲು. ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ತ್ರಿವಿಕ್ರಮ ಗಾಬರಿಯಿಂದ ಬೇಗ ಬ್ರೇಕು ಒತ್ತಿದ. ಪದ್ಮಜಾ ಒತ್ತಲಿಲ್ಲ. ಇನ್ನೇನು ಹುಲ್ಲಿಗೆ ಹೋದಳು ಅನ್ನುವಾಗ ಕಾಲು ಮೆತ್ತಗಿಟ್ಟು, ಒಳಗಿನಿಂದ ನುಗ್ಗಿ, ಅವನಿಗಿಂತ ಒಂದು ಮೊಳ ಮುಂದೆ ಗೆರೆ ದಾಟಿದಳು.

ಜನ ಕೂಗಿದರು. ಅವಳು ಹೆಲ್ಮೆಟ್ಟು ತೆಗೆದಾಗ ಕಣ್ಣಲ್ಲಿ ನೀರಿತ್ತು.

ಬಹುಮಾನದ ಕಪ್ಪು ಕೊಟ್ಟು ಎರಡು ಮಾತಾಡಿ ಎಂದರು. ಪದ್ಮಜಾ ಮೈಕು ಹಿಡಿದಳು.

"ಈ ಗೆಲುವು ನನ್ನದಲ್ಲ. ಗುರುಗಳ ಕೈ ಬಿದ್ದ ಇಂಜಿನ್ನಿನದು. ನಾನು ಸುಮ್ನೆ ಕೂತಿದ್ದೆ, ಅದೇ ಗೆಲ್ಲಿಸಿತು."

ಚಪ್ಪಾಳೆ ಬಿತ್ತು. ಎಂಥ ವಿನಯ ಎಂದರು ಜನ. ವಿನಯವೂ ಅಲ್ಲ ಏನೂ ಅಲ್ಲ, ಅವಳು ಅದನ್ನು ನಿಜವಾಗಿ ನಂಬಿದ್ದಳು.

ಕೆಳಗಿಳಿದು ಬಂದು, ಕಪ್ಪನ್ನು ಗುರುಗಳ ಮುಂದಿಟ್ಟು, ನಮಸ್ಕಾರಕ್ಕೆ ಬಗ್ಗಿದಳು.

ಗುರುಗಳು ಕಾಲು ಹಿಂದಕ್ಕೆ ಎಳೆದುಕೊಂಡರು.

ಅವಳ ಕೈ ಬರೀ ನೆಲ ಮುಟ್ಟಿತು. ತಲೆ ಎತ್ತುವಷ್ಟರಲ್ಲಿ ಅವರು ಎದ್ದು, ಕಾರುಗಳ ತಪಾಸಣೆ ಮಾಡುವ ಫ್ರಾನ್ಸಿಸ್ ಕೂತಿದ್ದ ಮೇಜಿನ ಕಡೆ ನಡೆದಿದ್ದರು.

"ಫ್ರಾನ್ಸಿಸ್, ನನ್ನದೊಂದು ಆಕ್ಷೇಪ ಇದೆ."

"ಹೇಳಿ ಗುರುಗಳೇ. ಯಾರ ಮೇಲೆ?"

"ಗೆದ್ದವರ ಮೇಲೆ. ಇಂಜಿನ್ನು ಬಿಚ್ಚಿಸು."

ಫ್ರಾನ್ಸಿಸ್ ನಕ್ಕ. ಗುರುಗಳ ಮುಖ ನೋಡಿ ನಗು ನಿಲ್ಲಿಸಿದ.

ಕ್ಲಬ್ಬಿನಲ್ಲಿ ಹಾಗೊಂದು ನಿಯಮ ಇತ್ತು. ಆ ರೇಸಿನಲ್ಲಿ ಓಡಿಸಿದವರು ಯಾರು ಬೇಕಾದರೂ ಗೆದ್ದವರ ಇಂಜಿನ್ನು ಬಿಚ್ಚಿಸಬಹುದು. ಅದರಲ್ಲಿ ನಿಯಮ ಮೀರಿದ್ದು ಸಿಕ್ಕರೆ ಗೆಲುವು ಹೋಯಿತು. ಸಿಗದಿದ್ದರೆ, ಆಕ್ಷೇಪ ತಂದವರು ಮುಂದಿನ ವರ್ಷವಿಡೀ ರೇಸಿಗೆ ಇಳಿಯುವಂತಿಲ್ಲ. ಹೊಟ್ಟೆಕಿಚ್ಚಿನವರ ಬಾಯಿಗೆ ಬೀಗ ಹಾಕಲು ಮಾಡಿದ್ದು ಅದು. ಆ ಭಯಕ್ಕೇ ಅದನ್ನು ಯಾರೂ ಬಳಸಿರಲಿಲ್ಲ.

ಫ್ರಾನ್ಸಿಸ್ ದನಿ ತಗ್ಗಿಸಿದ.

"ಗುರುಗಳೇ, ಎಪ್ಪತ್ತಾದ ಮೇಲೆ ಕ್ಲಬ್ಬು ಲೈಸೆನ್ಸು ಕೊಡಲ್ಲ. ಮುಂದಿನ ವರ್ಷವೇ ನಿಮ್ಮ ಕೊನೇ ವರ್ಷ. ಇಂಜಿನ್ನಿನಲ್ಲಿ ಏನೂ ಸಿಗದಿದ್ರೆ, ಇವತ್ತು ಓಡಿಸಿದ್ದೇ ಕೊನೆ ಆಗಿಬಿಡುತ್ತೆ."

"ಆಕ್ಷೇಪದ ನಿಯಮ ಬರೆದವನೇ ನಾನು. ಬಿಚ್ಚಿಸು."

ಸುದ್ದಿ ಆ ಮೇಜಿನಿಂದ ಬೇಲಿಯವರೆಗೆ ಹೋಗಲು ಹೊತ್ತು ಬೇಕಾಗಲಿಲ್ಲ. ಚಹಾದ ಲೋಟ ಹಿಡಿದಿದ್ದವರು ಕುಡಿಯುವುದನ್ನು ಮರೆತರು. ಶಿಷ್ಯೆಯ ಮೇಲೆ ಗುರುಗಳ ಆಕ್ಷೇಪ? ಅದೂ ತಾವೇ ನೋಡಿಕೊಟ್ಟ ಇಂಜಿನ್ನಿನ ಮೇಲೆ?

"ಮಗೂನೂ ಚಿವುಟಿ ತೊಟ್ಟಿಲೂ ತೂಗೋದು ಅಂದ್ರೆ ಇದೇ," ಎಂದ ತ್ರಿವಿಕ್ರಮ.

ಪದ್ಮಜಾ ಗುರುಗಳ ಎದುರು ಬಂದು ನಿಂತಳು.

"ಗುರುಗಳೇ, ಅದು ನೀವೇ ಕೈಯಾರೆ ಕೊಟ್ಟದ್ದು."

"ಹೌದು."

"ಅದರೊಳಗೆ ಏನು ಹಾಕಿದ್ದೀರಿ?"

"ಬಿಚ್ಚಲಿ, ನೋಡೋಣ."

ಇಷ್ಟೇ. ಮುಖದಲ್ಲಿ ಕೋಪವಿಲ್ಲ, ನಗುವಿಲ್ಲ. ಅವಳಿಗೆ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ಏನೋ ಹಾಕಿದ್ದಾರೆ. ನನಗೆ ತಿಳಿಯದ ಹಾಗೆ ನಿಯಮ ಮೀರಿದ್ದನ್ನು ಹಾಕಿ, ಈಗ ಎಲ್ಲರೆದುರು ತೆಗೆದು ತೋರಿಸುತ್ತಾರೆ. ಯಾಕೆ? ತಾವು ಮೂರನೆಯವರಾದರೆಂದೇ? ಮೊದಲ ಗೆಲುವು ಹೋದರೆ ಹೋಗಲಿ. ಮೋಸದಿಂದ ಗೆದ್ದವಳು ಅನ್ನಿಸಿಕೊಂಡರೆ ಈ ರನ್‌ವೇ ಮೇಲೆ ಮತ್ತೆ ಹೇಗೆ ಕಾಲಿಡುವುದು?

ಇದ್ದದ್ದು ಇದ್ದ ಹಾಗೆ ಹೇಳಬೇಕು. ಆ ಹೊತ್ತು ಅವಳಿಗೆ ಗುರುಗಳ ಮೇಲೆ ಅಸಹ್ಯ ಬಂತು. ಯಾರಿಗಾದರೂ ಬರುತ್ತಿತ್ತು.

ಫ್ರಾನ್ಸಿಸ್ ತೋಳು ಮಡಚಿದ. ಬೋಲ್ಟುಗಳು ಒಂದೊಂದಾಗಿ ತಟ್ಟೆಗೆ ಬಿದ್ದವು. ದಿನವೂ ಜನರ ಬಾಯೊಳಗೆ ಬೆಳಕು ಬಿಟ್ಟು ನೋಡುವವಳು ತನ್ನ ಇಂಜಿನ್ನಿನ ಒಳಗೆ ನೋಡಲಾಗದೆ ಬೇರೆ ಕಡೆ ಮುಖ ತಿರುಗಿಸಿದಳು.

ಜನ ಸುತ್ತುಗಟ್ಟಿ ನಿಂತರು. ಫ್ರಾನ್ಸಿಸ್ ಅಳೆದ. ಮತ್ತೆ ಅಳೆದ.

"ಎಲ್ಲ ನಿಯಮದೊಳಗೇ ಇದೆ," ಎಂದ.

ಪದ್ಮಜಾ ತಿರುಗಿದಳು.

"ಒಳಗೆ ಅಂದ್ರೆ ಬಹಳ ಒಳಗೆ. ಪಿಸ್ಟನ್ ರಿಂಗು ಸವೆದಿವೆ. ಒಂದು ವಾಲ್ವು ಸರಿಯಾಗಿ ಕೂರ್ತಾನೇ ಇಲ್ಲ." ಫ್ರಾನ್ಸಿಸ್ ಕೈ ಒರೆಸಿಕೊಳ್ಳುತ್ತ ಎದ್ದ. "ಇವತ್ತು ಓಡಿದ ಕಾರುಗಳಲ್ಲಿ ಎಲ್ಲಕ್ಕಿಂತ ಬಡ ಇಂಜಿನ್ನು ಇದೇ ಇರಬೇಕು. ಇದನ್ನಿಟ್ಟುಕೊಂಡು ಹೇಗೆ ಗೆದ್ರಿ ಡಾಕ್ಟ್ರೇ?"

ತ್ರಿವಿಕ್ರಮ ಬಗ್ಗಿ ನೋಡಿದ. ಇನ್ನಷ್ಟು ಬಗ್ಗಿ ನೋಡಿದ. ಅವನ ಮುಖ ಕಪ್ಪಿಟ್ಟಿತು. ಆದರೆ ಮನುಷ್ಯ ಕೆಟ್ಟವನಲ್ಲ.

"ನೇರ ದಾರೀಲಿ ಪ್ರತಿ ಸುತ್ತೂ ನಾನೇ ದೂರ ಹೋಗ್ತಿದ್ದೆ," ಎಂದ. "ತಿರುವಿಗೆ ಬಂದ್ರೆ ಇವರು ನನ್ನ ಬೆನ್ನಿಗೇ ಇರ್ತಿದ್ರು. ನಾನೂ ಗುರುಗಳ ಇಂಜಿನ್ನು ಅಂತಲೇ ಹೆದರಿದೆ. ಹೆದರಿಕೆಗೇ ಬ್ರೇಕು ಒತ್ತಿದ್ದು."

ಪದ್ಮಜಾ ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕೂತಳು.

"ಅಷ್ಟು ದಿನ ಇಟ್ಕೊಂಡು ಏನು ಮಾಡಿದ್ರಿ ಗುರುಗಳೇ?"

"ಆಯಿಲ್ ಬದಲಾಯಿಸಿದೆ. ಗಾಜು ಒರೆಸಿದೆ."

ಯಾರೋ ನಗಲು ಹೋಗಿ ನಿಲ್ಲಿಸಿಕೊಂಡರು.

"ರಿಂಗು ಸವೆದದ್ದು ಗೊತ್ತಿತ್ತಾ?"

"ಗೊತ್ತಿತ್ತು."

"ಸರಿ ಮಾಡಬಹುದಿತ್ತಲ್ಲ."

"ದಮ್ಮಿರೋ ಇಂಜಿನ್ನು, ಓಡಿಸೋರ ತಪ್ಪನ್ನ ಮುಚ್ಚುತ್ತೆ. ನಿಂದು ಮುಚ್ಚಲಿಲ್ಲ, ಅದಕ್ಕೇ ನಿನ್ನ ತಪ್ಪು ಕಡಿಮೆಯಾಯ್ತು."

ಹೇಳಲೇಬೇಕಾದದ್ದನ್ನು ಹೇಳಲು ಫ್ರಾನ್ಸಿಸ್‌ಗೆ ಕಷ್ಟವಾಯಿತು.

"ಗುರುಗಳೇ, ಆಕ್ಷೇಪ ಸುಳ್ಳಾಯಿತು."

"ಆಯಿತು."

ಗುರುಗಳು ಅಂಗಿ ಜೇಬಿನಿಂದ ಲೈಸೆನ್ಸು ತೆಗೆದು ಅವನ ಅಂಗೈ ಮೇಲಿಟ್ಟರು. ಫ್ರಾನ್ಸಿಸ್ ಕೈ ಮುಚ್ಚಲಿಲ್ಲ. ಗುರುಗಳೇ ಅವನ ಬೆರಳುಗಳನ್ನು ಹಿಡಿದು ಮಡಚಿದರು.

ಅದನ್ನು ನೋಡಲಾರದೆ ಜನ ಮೆಲ್ಲಗೆ ಚದುರಿದರು. ಬಿಚ್ಚಿದ ಇಂಜಿನ್ನಿನ ಬಳಿ ಇಬ್ಬರೇ ಉಳಿದರು. ಗುರುಗಳು ತಟ್ಟೆಯಲ್ಲಿದ್ದ ಬೋಲ್ಟುಗಳನ್ನು ಬಟ್ಟೆಯಿಂದ ಒರೆಸತೊಡಗಿದರು.

ಪದ್ಮಜಾಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

"ನಾನು ನಿಮ್ಮ ಮೇಲೆ ಏನೇನೋ ಅನುಮಾನ ಪಟ್ಟೆ. ನೀವು ನಂಗೆ ಮೋಸ ಮಾಡಿದ್ರಿ ಅಂದ್ಕೊಂಡೆ."

"ಹೂಂ. ಮುಖದಲ್ಲಿ ಕಾಣಿಸ್ತಿತ್ತು."

"ಇನ್ನು ನೀವು ಯಾವತ್ತೂ ಓಡಿಸೋ ಹಾಗಿಲ್ಲ. ಅದೂ ನನ್ನಿಂದ."

"ನಿನ್ನಿಂದ ಅಲ್ಲ. ನಾನೇ ಕೇಳಿ ಬಿಚ್ಚಿಸಿದ್ದು."

"ಯಾಕೆ ಇಷ್ಟೆಲ್ಲ ಮಾಡಬೇಕಿತ್ತು? ಇಂಜಿನ್ನು ಮುಟ್ಟಿಲ್ಲ, ಗೆದ್ದವಳು ನೀನೇ ಅಂತ ಪಕ್ಕಕ್ಕೆ ಕರೆದು ಒಂದು ಮಾತು ಹೇಳಿದ್ರೆ ಸಾಕಾಗ್ತಿತ್ತಲ್ಲ ಗುರುಗಳೇ. ನಾನು ನಂಬ್ತಿರಲಿಲ್ವಾ?"

ಗುರುಗಳು ಒರೆಸಿದ ಬೋಲ್ಟನ್ನು ತಟ್ಟೆಯಲ್ಲಿಟ್ಟು ಇನ್ನೊಂದನ್ನು ಕೈಗೆತ್ತಿಕೊಂಡರು.

"ನೀನು ನಂಬ್ತಿದ್ದೆ ಕಣಮ್ಮ," ಎಂದರು. "ಆದ್ರೆ ನನ್ನನ್ನ."