ಬಿಳಿ ಪಂಚೆ ಯಾರದು

ಬೆಟ್ಟದ ಮೇಲಿನ ಮಠದಲ್ಲಿ ಕೊಳವನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ ಒಂದು ಬೆಳಗ್ಗೆ ಗುರುಗಳ ಮುಂದೆ ಕುಳಿತು ಕೇಳಿದ:

"ಬುದ್ಧಿ, ಬೆಟ್ಟ ನೋಡಲು ಬರುವವರು ಕಸ ಎಸೆದು ಕೊಳ ಹಾಳುಮಾಡುತ್ತಿದ್ದಾರೆ. ಫಲಕ ಹಾಕಿದೆ, ಓದಿ ನಕ್ಕರು. ದಂಡ ಹಾಕಿದೆ, ಕಟ್ಟಿ ಎಸೆದರು. ದೇವರ ಪಟ ಇಟ್ಟೆ, ಕೈಮುಗಿದು ಎಸೆದರು. ಮೊನ್ನೆ ಮೀನುಗಳು ಸತ್ತು ತೇಲಿದವು. ಪರವೂರಿನವರಿಗೆ ನಮ್ಮ ನೀರಿನ ಮೇಲೆ ಕಾಳಜಿ ಬರುವುದಾದರೂ ಯಾವುದರಿಂದ?"

"ಒಂದು ಕತೆ ಇದೆ. ಆದರೆ ನನಗೆ ಕತೆ ಹೇಳಲು ಬಾರದು. ಹೇಳುವುದಕ್ಕಿಂತ ವಿವರಿಸುವುದೇ ಹೆಚ್ಚಾಗಿಬಿಡುತ್ತದೆ. ಸಹಿಸಿಕೋ," ಎಂದು ಗುರುಗಳು ಶುರುಮಾಡಿದರು.

ಎರಡು ಹೊಳೆಗಳು ಕೂಡುವ ಒಂದು ಜಾಗ. ದೂರದೂರದಿಂದ ಯಾತ್ರಿಕರು ಬರುತ್ತಿದ್ದರು. ಮಿಂದ ಮೇಲೆ ಉಟ್ಟ ಬಟ್ಟೆಯನ್ನು ನೀರಿಗೆ ಬಿಡುವುದು ಅವರ ಪದ್ಧತಿ. ಬಟ್ಟೆಯ ಜೊತೆಗೆ ಪಾಪವೂ ಹೋಗುತ್ತದೆಂದು ನಂಬಿಕೆ. ಪಾಪ ಹೋಗುತ್ತಿತ್ತೋ ಏನೋ, ಬಟ್ಟೆ ಹೋಗುತ್ತಿರಲಿಲ್ಲ. ನೆನೆದು ಮುಳುಗಿ, ಮೆಟ್ಟಿಲ ಬುಡದ ಕಲ್ಲುಗಳಿಗೆ ಸಿಕ್ಕಿಕೊಳ್ಳುತ್ತಿತ್ತು. ಇದನ್ನು ಮೊದಲೇ ಹೇಳಿದೆನೇಕೆಂದರೆ, ಮುಂದಿನದೆಲ್ಲ ಇದರಿಂದಲೇ ಆದದ್ದು.

ಯಾತ್ರಿಕರನ್ನು ಆ ಮೆಟ್ಟಿಲಿಗೆ ಹರಿಗೋಲಿನಲ್ಲಿ ದಾಟಿಸುವ ಅಂಬಿಗನೊಬ್ಬನಿದ್ದ. ಅವನಿಗೆ ಒಬ್ಬಳೇ ಮಗಳು. ಬಟ್ಟೆ ರಾಶಿಯಾದರೆ ಹುಟ್ಟು ಸಿಕ್ಕಿಕೊಂಡು ಹರಿಗೋಲು ತಿರುಗಿಬಿಡುತ್ತದೆ. ಅದಕ್ಕೆ ಅವಳು ದಿನವೂ ಮುಳುಗಿ ಬಟ್ಟೆಗಳನ್ನು ಎಳೆದು ಹೊರಗೆ ಹಾಕುತ್ತಿದ್ದಳು.

"ಬಟ್ಟೆ ಬಿಡಬೇಡಿ ಸ್ವಾಮಿ. ಕೆಳಗೆ ನನ್ನ ಮಗಳು ಇಳಿಯುತ್ತಾಳೆ," ಎಂದು ಅಂಬಿಗ ಬೇಡಿಕೊಳ್ಳುತ್ತಿದ್ದ.

"ಮತ್ತೇನು, ಪಾಪವನ್ನು ಹಿಂಡಿಕೊಂಡು ಮನೆಗೆ ಹೊತ್ತುಕೊಂಡು ಹೋಗೋಣವೇನಯ್ಯ? ಹುಟ್ಟು ಹಾಕು, ಬಿಸಿಲೇರುತ್ತಿದೆ," ಎಂದು ಅವರು ನಗುತ್ತಿದ್ದರು. ಕೆಟ್ಟವರಲ್ಲ. ಅಂಬಿಗನಿಗೆ ತಾವು ತಂದ ಬುತ್ತಿಯಲ್ಲಿ ಪಾಲು ಕೊಡುತ್ತಿದ್ದವರೇ.

ಒಂದು ದಿನ ಮಗಳು ಮೇಲೆ ಬರಲಿಲ್ಲ. ಎತ್ತಿದಾಗ ಅವಳ ಪಾದಕ್ಕೆ ಒಂದು ಬಿಳಿ ಪಂಚೆ ಎರಡು ಸುತ್ತು ಸುತ್ತಿಕೊಂಡಿತ್ತು. ಸಣ್ಣ ಕೆಂಪಂಚಿನ ಪಂಚೆ. ದಡದ ಅಂಗಡಿಗಳಲ್ಲಿ ಮಾರುತ್ತಿದ್ದುದೆಲ್ಲ ಅದೇ. ಎಲ್ಲರೂ ಉಟ್ಟು ಮೀಯುತ್ತಿದ್ದುದೂ ಅದೇ. ಹಾಗಾಗಿ ಯಾರದೆಂದು ಹೇಳುವಂತಿರಲಿಲ್ಲ.

ಅವಳನ್ನು ಮಣ್ಣು ಮಾಡಿದ ಮೂರನೆಯ ದಿನ ಅಂಬಿಗ ಆ ಪಂಚೆಯನ್ನು ಒಗೆದು, ಒಣಗಿಸಿ, ಮಡಿಸಿ ಹರಿಗೋಲಿನಲ್ಲಿಟ್ಟುಕೊಂಡ. ಹತ್ತಿದ ಪ್ರತಿಯೊಬ್ಬರ ಮುಂದೆಯೂ ಹಿಡಿದ. "ಇದು ನಿಮ್ಮದೇನೋ ನೋಡಿ ಸ್ವಾಮಿ. ನಿಮ್ಮದಾದರೆ ತೆಗೆದುಕೊಳ್ಳಿ."

ಅವನಿಗೆ ಯಾರ ಮೇಲೂ ಹಗೆ ಇರಲಿಲ್ಲ. ಅದನ್ನು ಮನೆಯಲ್ಲಿ ಇಟ್ಟುಕೊಳ್ಳಲಾರ, ನೀರಿಗೂ ಬಿಡಲಾರ. ಅಷ್ಟೇ. "ಎಲ್ಲಿ ಸಿಕ್ಕಿತು?" ಎಂದು ಕೇಳಿದವರಿಗೆ "ಮಗಳ ಕಾಲಿನಲ್ಲಿ" ಎನ್ನುತ್ತಿದ್ದ.

ಅವರು ಅಂಚು ತಿರುವಿ ನೋಡುತ್ತಿದ್ದರು. ಹಿಂದೆ ಬಂದುಹೋಗಿದ್ದವರು ಹೆಚ್ಚು ಹೊತ್ತು ನೋಡುತ್ತಿದ್ದರು. ಯಾರೂ ತೆಗೆದುಕೊಳ್ಳಲಿಲ್ಲ. ಆದರೆ ಮಿಂದು ಮರಳುವಾಗ ಒಬ್ಬೊಬ್ಬರ ಕೈಯಲ್ಲೂ ಅವರವರ ಒದ್ದೆ ಬಟ್ಟೆ ಇರುತ್ತಿತ್ತು. ವರ್ಷ ತುಂಬುವುದರೊಳಗೆ ಮೆಟ್ಟಿಲ ಬುಡದ ಕಲ್ಲುಗಳು ಕಾಣುವಷ್ಟು ನೀರು ತಿಳಿಯಾಯಿತು. ಮುಳುಗಿ ನೋಡುವವಳು ಇರಲಿಲ್ಲ.

ಗುರುಗಳು ನಿಲ್ಲಿಸಿದರು. ಶಿಷ್ಯ ತಲೆ ಎತ್ತಲಿಲ್ಲ.

"ಅರ್ಥವಾಗಲಿಲ್ಲವೇನೋ, ಬಿಡಿಸಿ ಹೇಳುತ್ತೇನೆ. ದಂಡ ಹಾಕಿದರೆ ಬಂದವರು ನಿನ್ನನ್ನು ನೋಡುತ್ತಾರೆ, ನೀರನ್ನು ನೋಡುವುದಿಲ್ಲ. ಆ ಪಂಚೆಯನ್ನು ಕೈಯಲ್ಲಿ ಹಿಡಿದಾಗ ಮಾತ್ರ, ನೀರಿನೊಳಗೆ ಒಬ್ಬಳು... ಅಂದರೆ, ಹಿಡಿದವನಿಗೆ ತಾನೇ..."

ಹೊರಗಿನಿಂದ ಅಡುಗೆಯವನು ಕೂಗಿದ: "ಬುದ್ಧಿ, ಬಸ್ಸಿನವರು ಬಂದವರೆ. ನಿಮ್ಮನ್ನ ಕಾಣಬೇಕಂತೆ."

ಗುರುಗಳು ಮೊಣಕಾಲಿನ ಮೇಲೆ ಕೈಯೂರಿ ಎದ್ದರು. ಅವರು ಬಾಗಿಲು ದಾಟುವ ಮುಂಚೆ ಶಿಷ್ಯ ಕೇಳಿದ: "ಆ ಪಂಚೆ ಯಾರದೆಂದು ಕೊನೆಗಾದರೂ ಗೊತ್ತಾಯಿತೇ?"

ಗುರುಗಳು ತಿರುಗಲಿಲ್ಲ.

"ಅವಳು ಮುಳುಗಿದ ಹಿಂದಿನ ದಿನ ನಾನೂ ಅಲ್ಲಿ ಮಿಂದಿದ್ದೆ."