ಮೊಸರಿನವಳ ಎರಡು ಬಟ್ಟಲು

ಶಿಷ್ಯನು ಕೇಳಿದನು: "ಗುರುಗಳೇ, ಒಂದು ತಿಂಗಳು ಒಪ್ಪೊತ್ತು ಉಂಡೆ. ನನ್ನ ಸಿಟ್ಟು ಪೂರ್ತಿ ಇಳಿದುಹೋಗಿದೆ. ಒಪ್ಪೊತ್ತು ಉಂಡರೆ ಸಿಟ್ಟು ಹೋಗುತ್ತದೆ ಎಂದು ಮಠಕ್ಕೆ ಬರುವವರಿಗೆಲ್ಲ ಹೇಳಬಹುದೇ?"

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ಪಂಡಿತನಿದ್ದ. ಮಕ್ಕಳ ಹೊಟ್ಟೆಯ ಜಂತುಹುಳಕ್ಕೆ ಅವನು ಕೊಡುತ್ತಿದ್ದುದು ಒಂದೇ ಮದ್ದು, ಮೂರು ದಿನದ ಹುಳಿ ಮಜ್ಜಿಗೆ. ಅದನ್ನು ಅವನ ಮನೆಗೆ ಹಾಕುತ್ತಿದ್ದವಳು ಮೊಸರು ಮಾರುವ ಒಬ್ಬ ಹೆಂಗಸು. ಅವಳ ಮಗಳಿಗೇ ಜಂತುಹುಳವಾಯಿತು. ಹದಿನೈದು ದಿನ ಮಜ್ಜಿಗೆ ಕುಡಿಸಿದಳು. ಹೊಟ್ಟೆ ಉಬ್ಬುತ್ತಲೇ ಹೋಯಿತು. ಮಗು ಅನ್ನ ಬಿಟ್ಟಿತು.

ಈ ಮಜ್ಜಿಗೆಗೆ ಹುಳ ಸಾಯುವುದು ನಿಜವೇ ಎಂದು ಅವಳು ಪಂಡಿತನ ಜಗಲಿಗೆ ಬಂದು ಕೇಳಿದಳು. ಪಂಡಿತನು ಮಗುವಿನ ಹೊಟ್ಟೆಯಿಂದ ಬಿದ್ದ ಜೀವಂತ ಹುಳವೊಂದನ್ನು ತರಿಸಿ, ಜನರ ಎದುರಿಗೇ ಹುಳಿ ಮಜ್ಜಿಗೆಯ ಬಟ್ಟಲಿಗೆ ಹಾಕಿದ. ಮರುದಿನ ಹುಳ ಸೆಟೆದು ಬಿದ್ದಿತ್ತು. ಜನ ತಲೆದೂಗಿದರು.

"ಕಣ್ಣಾರೆ ಕಂಡೆಯಲ್ಲ, ಇನ್ನೂ ಅನುಮಾನವೇ? ಮಾರುವವಳೇ ನಂಬದಿದ್ದರೆ ಕುಡಿಯುವವರ ಗತಿಯೇನಮ್ಮ?" ಎಂದ ಪಂಡಿತ.

"ಮಾರುವವಳು ಅಂತಲೇ ಅನುಮಾನ, ಪಂಡಿತರೇ. ಆ ಮಜ್ಜಿಗೆಗೆ ನೀರು ಬೆರೆಸಿದವಳು ನಾನು. ಹುಳವನ್ನು ಕೊಂದದ್ದು ಹುಳಿಯೋ, ನೀರೋ?"

ಜನ ನಕ್ಕರು. ಅವಳು ನಗಲಿಲ್ಲ. ಮನೆಗೆ ಹೋಗಿ, ಮಗುವಿನಿಂದ ಮತ್ತೆ ಎರಡು ಹುಳ ಬಿದ್ದಾಗ, ಒಂದನ್ನು ನೀರು ಬೆರೆಸದ ಹುಳಿ ಮಜ್ಜಿಗೆಗೂ ಇನ್ನೊಂದನ್ನು ಬರೀ ಬಾವಿಯ ನೀರಿಗೂ ಹಾಕಿದಳು. ಮರುದಿನ ಎರಡೂ ಸೆಟೆದಿದ್ದವು. ಎರಡು ಬಟ್ಟಲನ್ನೂ ತಂದು ಜಗಲಿಯ ಮೇಲಿಟ್ಟಳು. ಪಂಡಿತನು ಮಜ್ಜಿಗೆಯ ಬಟ್ಟಲನ್ನು ಮಾತ್ರ ನೋಡಿ, "ನಾನು ಹೇಳಲಿಲ್ಲವೇ?" ಎಂದ.

ಅವಳು ಎರಡನ್ನೂ ಮೋರಿಗೆ ಚೆಲ್ಲಿದಳು. ಮಗುವನ್ನು ಸೊಂಟದ ಮೇಲೆ ಹೊತ್ತು ಪಕ್ಕದೂರಿನ ವೈದ್ಯನ ಹತ್ತಿರ ಹೋದಳು. ಅವನು ಕಷಾಯ ಕೊಟ್ಟ. ಹುಳ ಬಿದ್ದವು, ಮಗು ಅನ್ನ ಕೇಳಿತು. ಕಷಾಯದಿಂದಲೇ ವಾಸಿಯಾಯಿತೇ ಎಂದು ಊರವರು ಕೇಳಿದರೆ, "ಇನ್ನೂ ನಾಲ್ಕು ಮಕ್ಕಳಿಗೆ ವಾಸಿಯಾಗಲಿ, ಆಮೇಲೆ ಹೇಳುತ್ತೇನೆ" ಎನ್ನುತ್ತಿದ್ದಳು.

"ಎಂಥ ಪೆದ್ದ ಪಂಡಿತ!" ಎಂದು ಶಿಷ್ಯನು ನಕ್ಕನು.

ಗುರುಗಳು ಕೇಳಿದರು: "ದಿನವೂ ನಿನ್ನನ್ನು ಕೆಣಕುವ ಅಡುಗೆಯ ಮರುಳಯ್ಯ ಈ ತಿಂಗಳೆಲ್ಲ ಮಠದಲ್ಲಿ ಇರಲಿಲ್ಲ, ಅಲ್ಲವೇ?"